ಟಿಪ್ಪು ಸಮಾಧಿ ಆ ಕಲ್ಲಿನ ಕೆಳಗಿಲ್ಲ

ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಕಲ್ಲಿನ ಫೋಟೋ ಹಾಕಿ ‘ಇದೇ ಟಿಪ್ಪು ಸಮಾಧಿ, ಸತ್ತ ಜಾಗದಲ್ಲೇ ಹೂತರು’ ಅಂತ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಾರೆ. ಇದು ತಪ್ಪು. ಕಲ್ಲಿನ ಮೇಲಿನ ಬರಹವನ್ನೇ ಓದಿದರೆ ಸಾಕು: ಟಿಪ್ಪುವಿನ ದೇಹ ಇಲ್ಲಿ ಸಿಕ್ಕಿತು ಅಂತಷ್ಟೇ ಇಂಗ್ಲಿಷಿನಲ್ಲಿ ಕೆತ್ತಿದೆ. ಅವರು ಸತ್ತಿದ್ದು 1799ರ ಮೇ 4ರಂದು. ಮಾರನೇ ದಿನ ಗೋರಿ ಕಟ್ಟಡವಾದ ಗುಂಬಜ್‌ನಲ್ಲಿ, ತಂದೆ ಹೈದರಾಲಿ ಮತ್ತು ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಗುಂಬಜ್ ಇರುವುದು ಕೋಟೆಯಲ್ಲಲ್ಲ, ಶ್ರೀರಂಗಪಟ್ಟಣದಲ್ಲೇ ಇರುವ ಗಂಜಾಂ ಕಡೆ. ಸುತ್ತ ನುಣುಪಾದ ಕರಿಕಲ್ಲಿನ ಕಂಬಗಳು, ಒಳಗೋಡೆಯ ಮೇಲೆ ಹುಲಿಪಟ್ಟೆ. ಅದನ್ನು ಬಿಟ್ಟು ಸುಮ್ನೆ ಕಲ್ಲಿನ ಮುಂದೆ ಸೆಲ್ಫಿ ತೆಗೆದು ಬಸ್ ಹತ್ತುವವರೇ ಜಾಸ್ತಿ. ಎರಡನ್ನೂ ನೋಡಿ, ಕಲ್ಲನ್ನು ಮೊದಲು.