ಆಡಳಿತಕ್ಕೆ ವಿಶ್ವಬ್ಯಾಂಕ್ ಪಾಸು-ಫೇಲು ಮಾಡುತ್ತಾ? ಸತ್ಯಾಂಶ ಇಲ್ಲಿದೆ

ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ವಿಶ್ವಬ್ಯಾಂಕ್ ಪ್ರತಿ ದೇಶದ ಆಡಳಿತಕ್ಕೆ ಮಾರ್ಕ್ಸ್ ಕೊಡುತ್ತೆ. 50ಕ್ಕಿಂತ ಕಡಿಮೆ ಬಂದರೆ ಸಾಲ ಇಲ್ಲ.’ ಇದು ನಿಜವಲ್ಲ.

ವಿಶ್ವಬ್ಯಾಂಕಿನ ಆಡಳಿತ ಸೂಚ್ಯಂಕಗಳು ಇರುವುದು ನಿಜ. ಭ್ರಷ್ಟಾಚಾರ ನಿಯಂತ್ರಣ, ಕಾನೂನಿನ ಆಳ್ವಿಕೆ ಹೀಗೆ ಆರು ವಿಷಯ. ಲೆಕ್ಕ 1996ರಿಂದ ಇದೆ. ಅದರಲ್ಲಿ ಒಂದು ದೇಶಕ್ಕೆ ಪರ್ಸೆಂಟೈಲ್ 48 ಬಂತು ಅಂದರೆ ಶೇ 48ರಷ್ಟು ದೇಶಗಳು ಅದಕ್ಕಿಂತ ಕೆಳಗಿವೆ ಅಂತ, ಅಷ್ಟೇ. ಪಾಸ್ ಮಾರ್ಕ್ ಅಂತ ಏನೂ ಇಲ್ಲ. ಬೇರೆಬೇರೆ ಸಂಸ್ಥೆಗಳ ಸಮೀಕ್ಷೆ, ತಜ್ಞರ ಅಭಿಪ್ರಾಯ ಸೇರಿಸಿ ಮಾಡಿದ ಅಂದಾಜು ಅದು. ಸಾಲ ಹಂಚಲು ಬ್ಯಾಂಕ್ ಅದನ್ನು ಬಳಸುವುದಿಲ್ಲ. ಬಡ ದೇಶಗಳ ರಿಯಾಯಿತಿ ಸಾಲಕ್ಕೆ ಬೇರೆಯೇ ಮೌಲ್ಯಮಾಪನವಿದೆ: 16 ಅಂಶ, 1ರಿಂದ 6ರವರೆಗೆ ಅಂಕ.

ನನಗೆ ಮುಖ್ಯ ಅನಿಸುವುದು ಇನ್ನೊಂದು. ಇಡೀ ದೇಶದ ಒಂದು ಅಂಕಿ ನೋಡಿ ಸುರಪುರದಲ್ಲಿ ಕೆಲಸ ಶುರು ಮಾಡಲಾಗದು, ಅಲ್ವಾ? 2002ರಲ್ಲಿ ವರದಿ ಕೊಟ್ಟ, ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 35 ಸೂಚಕ ಇಟ್ಟುಕೊಂಡು ತಾಲ್ಲೂಕು ತಾಲ್ಲೂಕನ್ನೇ ಅಳೆಯಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ! ಇಲ್ಲಿ ಯೋಜನೆ ಮಾಡುವವರು ಕೇಳಬೇಕಾದ್ದು ಬೇರೆ: ಪಂಚಾಯ್ತಿಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಇದ್ದಾರಾ? ಗ್ರಾಮಸಭೆ ನಿಜವಾಗಿ ನಡೆಯುತ್ತಾ, ಸುಮ್ನೆ ಸಹಿ ಹಾಕಿಸಿಕೊಳ್ಳುತ್ತಾರಾ? ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗಕ್ಕಿರುವ ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಯ ಹಣ ಯಾವ ತಾಲ್ಲೂಕಿಗೆ ಎಷ್ಟು ಹೋಯಿತು?