ಸಿಸಿಲಿಯಾ ದಡ್ಡಿಯಲ್ಲ

'ದಿ ಪರ್ಪಲ್ ರೋಸ್ ಆಫ್ ಕೈರೋ' (1985) ಚಿತ್ರದಲ್ಲಿ ತೆರೆಯಿಂದ ಇಳಿದು ಬಂದ ಸಿನಿಮಾ ಪಾತ್ರ ಟಾಮ್‌ನನ್ನು ಬಿಟ್ಟು, ಆ ಪಾತ್ರ ಮಾಡಿದ ನಟ ಗಿಲ್‌ನನ್ನು ಆರಿಸಿಕೊಂಡ ಸಿನಿಮಾ ಹುಚ್ಚಿನ ಸಿಸಿಲಿಯಾ ದಡ್ಡಿ ಎಂದು ಬರೆದಿದ್ದೀರಿ. ಒಪ್ಪಲಾರೆ ಸರ್.

ಟಾಮ್ ಹೋಟೆಲಿನಲ್ಲಿ ಬಿಲ್ಲಿಗೆ ಕೊಡುವುದು ಸಿನಿಮಾದ ನಕಲಿ ನೋಟು. ಮುತ್ತಿಟ್ಟ ಮೇಲೆ, ದೃಶ್ಯ ಯಾಕೆ ಕತ್ತಲಾಗಲಿಲ್ಲ ಅಂತ ಕಕ್ಕಾಬಿಕ್ಕಿಯಾಗುತ್ತಾನೆ. ನಾವು ನಗುತ್ತೇವೆ, ಆದರೆ ಉತ್ತರ ಅಲ್ಲೇ ಇದೆ: ಅವನು ಒಳ್ಳೆಯವನಾಗಿರುವುದು ಹಾಗೆ ಬರೆದಿರುವುದರಿಂದ. 1930ರ ದಶಕದ ಆರ್ಥಿಕ ಕುಸಿತ, ಕೆಲಸ ಕಳೆದುಕೊಂಡು ಹೆಂಡತಿಯ ಮೇಲೆ ಕೈ ಮಾಡುವ ಗಂಡ, ಹೋಟೆಲಿನಲ್ಲಿ ತಟ್ಟೆ ಎತ್ತುವ ಅವಳು. ಅಂಥವಳು ನಿಜ ಮನುಷ್ಯನನ್ನು ನಂಬಿದ್ದು ತಪ್ಪೇ? ಕೊನೆಗೆ ಅವಳನ್ನು ಬಿಟ್ಟು ಹೋಗಿ ಮೋಸ ಮಾಡಿದವನು ಗಿಲ್. ಬೈಗುಳ ಅವನಿಗಿರಲಿ.

ನಮ್ಮ ಮೈಸೂರಿನಲ್ಲಿ ಅಮ್ಮ, ಪಕ್ಕದ ಮನೆ ಅಕ್ಕಂದಿರು ಬೆಳಗ್ಗೆಯೆಲ್ಲ ಅಗರಬತ್ತಿ ಹೊಸೆದು, ಕೈಗೆ ಮೆತ್ತಿದ ಕಪ್ಪು ಪೂರ್ತಿ ಹೋಗುವ ಮೊದಲೇ ಶಾಂತಲಾ ಟಾಕೀಸಿನ ಮ್ಯಾಟಿನಿಗೆ ಓಡುತ್ತಿದ್ದರು. ರಾಜಣ್ಣ ಅಂದರೆ ಪ್ರಾಣ. ಸಿನಿಮಾ ಬಿಟ್ಟ ಮೇಲೆ ನೇರ ಸೀಮೆಎಣ್ಣೆ ಕ್ಯೂಗೆ. ತೆರೆ ಯಾವುದು, ಮನೆ ಯಾವುದು ಎಂಬ ಗೊಂದಲ ಅವರಿಗೆ ಒಂದು ದಿನವೂ ಇರಲಿಲ್ಲ. ಸಿನಿಮಾ ಹುಚ್ಚಿನ ಹೆಂಗಸರಿಗೆ ಲೋಕಜ್ಞಾನ ಇಲ್ಲ ಎಂಬ ಧಾಟಿಯನ್ನು ದಯವಿಟ್ಟು ಬಿಡಿ.