ಸ್ಟುಟ್‌ಗಾರ್ಟ್‌ಗೆ ಬರುವವರೇ, ಪ್ರತಿ ಶನಿವಾರ ಊರು ಬಿಡಬೇಡಿ

ಬೆಂಗಳೂರಿನಿಂದ ಸ್ಟುಟ್‌ಗಾರ್ಟ್ ಸುತ್ತಮುತ್ತ ಕೆಲಸಕ್ಕೆ ಬರುವ ನಮ್ಮವರ ಮೊದಲ ವರ್ಷ ಹೆಚ್ಚುಕಡಿಮೆ ಒಂದೇ ಥರ ಕಳೆಯುತ್ತದೆ. ವಾರವಿಡೀ ಆಫೀಸು. ಶುಕ್ರವಾರ ರಾತ್ರಿ ಬಸ್ಸೋ ವಿಮಾನವೋ ಹಿಡಿದು ಪ್ಯಾರಿಸ್, ಮುಂದಿನ ವಾರ ಪ್ರಾಗ್, ಅದರ ಮುಂದಿನ ವಾರ ಆಮ್‌ಸ್ಟರ್‌ಡ್ಯಾಮ್. ಎರಡನೇ ಚಳಿಗಾಲ ಬರುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆಗ ನೋಡಿದರೆ ಹೋಗಿ ಕೂತು ಮಾತಾಡುವಂಥ ಒಂದು ಮನೆಯೂ ಊರಿನಲ್ಲಿ ಇರುವುದಿಲ್ಲ. "ಜರ್ಮನ್ನರು ಯಾರನ್ನೂ ಹತ್ತಿರ ಸೇರಿಸಲ್ಲ" ಅನ್ನುವ ಮಾತು ಹುಟ್ಟುವುದು ಅಲ್ಲಿಂದ. ನಾನು ಇದನ್ನು ಒಪ್ಪುವುದಿಲ್ಲ. ಇಲ್ಲಿನವರು ಜನರನ್ನು ಹಚ್ಚಿಕೊಳ್ಳುವುದೇ ಶನಿವಾರ, ಭಾನುವಾರ. ಆ ಎರಡು ದಿನ ನಾವು ಊರಿನಲ್ಲೇ ಇರುವುದಿಲ್ಲ, ಅಷ್ಟೇ. ತಿಂಗಳಲ್ಲಿ ಎರಡು ವಾರಾಂತ್ಯ ಊರಿನಲ್ಲಿ ಉಳಿಯಿರಿ, ಮಿಕ್ಕ ಎರಡನ್ನು ಹತ್ತಿರದ ಊರುಗಳಿಗೆ ಇಡಿ. ದೂರದ ರಾಜಧಾನಿಗಳನ್ನು ಉದ್ದನೆಯ ರಜೆಗೆ ಬಿಡಿ.

ಊರಿನಲ್ಲಿ ಉಳಿದು ಮಾಡುವುದೇನು? ಮೊದಲು ಒಂದು ಫೆರೈನ್ ಹುಡುಕಿ. ಫೆರೈನ್ ಅಂದರೆ ನೋಂದಾಯಿತ ಸಂಘ. ಏಳು ಜನ ಸೇರಿದರೆ ನೋಂದಾಯಿಸಬಹುದು ಅಂತ ಕಾನೂನೇ ಹೇಳುವುದರಿಂದ ಹಾಡುವವರಿಗೆ, ಚೆಸ್ ಆಡುವವರಿಗೆ, ತೋಟ ಮಾಡುವವರಿಗೆ, ಟೇಬಲ್ ಟೆನ್ನಿಸ್‌ಗೆ ಎಲ್ಲದಕ್ಕೂ ಒಂದೊಂದಿದೆ. ಹೊಸಬರಿಗೆ ನಾನು ಮೊದಲು ಹೇಳುವುದು ಶ್ವೇಬಿಷರ್ ಆಲ್ಬ್‌ಫೆರೈನ್. 1888ರಲ್ಲಿ ಶುರುವಾದ ಚಾರಣ ಸಂಘ, ಕೇಂದ್ರ ಕಚೇರಿ ಸ್ಟುಟ್‌ಗಾರ್ಟ್‌ನಲ್ಲೇ ಇದೆ, ಬಹಳಷ್ಟು ಊರುಗಳಲ್ಲಿ ಸ್ಥಳೀಯ ಶಾಖೆಗಳಿವೆ. ಶಾಖೆಯ ಕಾರ್ಯಕ್ರಮ ಪಟ್ಟಿಯಲ್ಲಿ ಎಷ್ಟು ಕಿಲೋಮೀಟರ್, ಎಷ್ಟು ಮೀಟರ್ ಏರು, ಎಲ್ಲಿ ಯಾವ ರೈಲಿಗೆ ಸೇರಬೇಕು ಅನ್ನುವುದೆಲ್ಲ ಇರುತ್ತದೆ. ಚಾರಣ ನಡೆಸುವವರಿಗೆ ಎರಡು ದಿನ ಮುಂಚೆ ಮೇಲ್ ಹಾಕಿ, ಅತಿಥಿಯಾಗಿ ಬರಬಹುದೇ ಕೇಳಿ. ಸಾಮಾನ್ಯವಾಗಿ ಹೂಂ ಅನ್ನುತ್ತಾರೆ. ಹತ್ತು ನಿಮಿಷ ಮುಂಚೆ ಹೋಗಿ. ಹಿಡಿತವಿರುವ ಶೂ, ಒಂದೂವರೆ ಲೀಟರ್ ನೀರು, ಮಧ್ಯಾಹ್ನದ ಬುತ್ತಿ, ಮಳೆಗೆ ಜಾಕೆಟ್, ಇಷ್ಟು ಸಾಕು. ನಡಿಗೆ ಮುಗಿದ ಮೇಲೆ ಎಲ್ಲರೂ ಯಾವುದಾದರೂ ಹೋಟೆಲಿನಲ್ಲಿ ಒಂದು ಗಂಟೆ ಕೂರುತ್ತಾರೆ. ದಯವಿಟ್ಟು ಅದನ್ನು ತಪ್ಪಿಸಬೇಡಿ. ಕಾಡಿನಲ್ಲಿ ಮೌನವಾಗಿದ್ದವರು ಮಾತಾಡುವುದು ಆ ಮೇಜಿನಲ್ಲಿ.

ಬಹಳ ಜನ ಒಂದು ಸಲ ಹೋಗಿ, "ಯಾರೂ ಮಾತಾಡಿಸಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಇಲ್ಲಿನ ಲೆಕ್ಕವೇ ಬೇರೆ. ಮೊದಲ ಸಲ ಬಂದವರನ್ನು ಗಮನಿಸುತ್ತಾರೆ, ಎರಡನೇ ಸಲ ಹೆಸರು ಕೇಳುತ್ತಾರೆ, ನಾಲ್ಕನೇ ಸಲದ ಹೊತ್ತಿಗೆ "ಕಳೆದ ತಿಂಗಳು ಬರಲಿಲ್ಲವಲ್ಲ, ಹುಷಾರಿರಲಿಲ್ಲವಾ?" ಅಂತ ವಿಚಾರಿಸುತ್ತಾರೆ. ಅವರಿಗೆ ಮುಖ್ಯ ನೀವು ಮತ್ತೆ ಬರುವುದು. ಆಮೇಲೆ ಭಾಷೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಫೆರೈನ್‌ನಲ್ಲಿ ನಡೆಯುವುದಿಲ್ಲ. ಅವರು ಸೌಜನ್ಯಕ್ಕೆ ಇಂಗ್ಲಿಷ್‌ಗೆ ತಿರುಗಿದರೂ ನೀವು ಹರಕುಮುರುಕು ಜರ್ಮನ್‌ನಲ್ಲೇ ಉತ್ತರಿಸಿ. ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರುವ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ, ಸಂಜೆ ತರಗತಿಗಳಿವೆ. ಅಲ್ಲಿ ಕಲಿಸುವ ಜರ್ಮನ್‌ಗೂ ಶ್ವಾಬಿಯಾದ, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಈ ಸೀಮೆಯ, ಹಿರಿಯರ ಮಾತಿಗೂ ತುಂಬಾ ವ್ಯತ್ಯಾಸ ಇರುತ್ತದೆ. ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಅನ್ನಲು ಸಂಕೋಚ ಬೇಡ. ಉತ್ತರ ಜರ್ಮನಿಯವರೂ ಇಲ್ಲಿ ಹಾಗೇ ಕೇಳುತ್ತಾರೆ.

ಇನ್ನು ಕಟ್ಟಡದೊಳಗಿನ ನೆಂಟಸ್ತಿಕೆ. ಇಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಗುಡಿಸುವ ಸರದಿ ವಾರಕ್ಕೊಬ್ಬರಂತೆ ಬರುತ್ತದೆ. ಬಾಗಿಲಿನ ಹಿಡಿಗೆ ಒಂದು ಫಲಕ ನೇತುಹಾಕಿದ್ದರೆ ಈ ವಾರ ನಿಮ್ಮದು ಅಂತ. ಚಿಕ್ಕ ಸರದಿಯಲ್ಲಿ ನಿಮ್ಮ ಮಹಡಿಯಿಂದ ಕೆಳಗಿನ ಮಹಡಿಯವರೆಗಿನ ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡದರಲ್ಲಿ ಅಂಗಳ, ಕಾಲುದಾರಿ, ನೆಲಮಾಳಿಗೆಯ ಓಣಿ, ಕಸದ ಡಬ್ಬಿಗಳ ಜಾಗ. ಕೆಲವು ಕಟ್ಟಡಗಳಲ್ಲಿ ಇದನ್ನು ಕಂಪನಿಗೆ ಕೊಟ್ಟಿರುತ್ತಾರೆ, ಬಾಡಿಗೆ ಕರಾರು ಓದಿದರೆ ಗೊತ್ತಾಗುತ್ತದೆ. ನಮ್ಮವರು ಪ್ರವಾಸಕ್ಕೆ ಹೋಗಿ ಸರದಿ ತಪ್ಪಿಸಿದಾಗ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಮೆಟ್ಟಿಲಲ್ಲಿ ಸಿಕ್ಕಾಗ ನಮಸ್ಕಾರ ಕಡಿಮೆಯಾಗುತ್ತದೆ. ಊರಿಗೆ ಹೋಗುವುದಿದ್ದರೆ ಎರಡು ವಾರ ಮುಂಚೆ ಎದುರು ಮನೆಯ ಬೆಲ್ ಒತ್ತಿ, "ಸರದಿ ಅದಲುಬದಲು ಮಾಡಿಕೊಳ್ಳೋಣವಾ?" ಅಂತ ಕೇಳಿ. ಪಕ್ಕದ ಮನೆಯವರ ಜೊತೆ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲಿ ಸಿಗುವುದು ಕಷ್ಟ.

ದೋಸೆ ಹಿಟ್ಟಿನ ವಿಷಯ ಬೇರೆಯಾಗಿ ಹೇಳಲೇಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ, ಭಾನುವಾರ ಮತ್ತು ಸರ್ಕಾರಿ ರಜೆಯಂದು ಇಡೀ ದಿನ ಸದ್ದು ಮಾಡುವಂತಿಲ್ಲ. ಭಾನುವಾರದ ವಿರಾಮಕ್ಕೆ ಸಂವಿಧಾನದ ರಕ್ಷಣೆಯೇ ಇದೆ. 1919ರ ವೈಮಾರ್ ಸಂವಿಧಾನದ 139ನೇ ವಿಧಿಯನ್ನು ಈಗಿನ ಸಂವಿಧಾನ ತನ್ನ 140ನೇ ವಿಧಿಯ ಮೂಲಕ ಹಾಗೇ ಉಳಿಸಿಕೊಂಡಿದೆ. ಗ್ರೈಂಡರ್ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ನೆಲದ ಮೂಲಕ ಕೆಳಗಿನ ಮನೆಗೆ ಹೆಚ್ಚು ಇಳಿಯುತ್ತದೆ. ವಾಷಿಂಗ್ ಮೆಷಿನ್ ಕೆಳಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಗ್ರೈಂಡರ್ ಕೆಳಗೆ ಹಾಕಿ. ಶನಿವಾರ ಸಂಜೆ ಎಂಟರೊಳಗೆ ರುಬ್ಬಿ ಮುಗಿಸಿ. ಚಳಿಗಾಲದ ಅಡುಗೆಮನೆಯಲ್ಲಿ ಹಿಟ್ಟು ರಾತ್ರಿ ಕಳೆಯುವುದರೊಳಗೆ ಹುಳಿಯುವುದಿಲ್ಲ. ಓವನ್ ಬಿಸಿ ಮಾಡದೆ ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟರೆ ಭಾನುವಾರ ಬೆಳಿಗ್ಗೆ ಉಬ್ಬಿರುತ್ತದೆ. ಪಾತ್ರೆಯಲ್ಲಿ ಅರ್ಧದಷ್ಟು ಜಾಗ ಬಿಡಿ, ಇಲ್ಲದಿದ್ದರೆ ಓವನ್ ತೊಳೆಯುವ ಕೆಲಸ ಬರುತ್ತದೆ. ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವುದೂ ಭಾನುವಾರ ನಿಷಿದ್ಧ. ದಿನಸಿ ಶನಿವಾರವೇ ತಂದಿಟ್ಟುಕೊಳ್ಳಿ.

ಊಟಕ್ಕೆ ಕರೆಯುವುದಿದ್ದರೆ ಮೂರು ವಾರ ಮುಂಚೆ ದಿನ, ಗಂಟೆ ಹೇಳಿ ಕರೆಯಿರಿ. "ಯಾವಾಗಲಾದರೂ ಮನೆಗೆ ಬನ್ನಿ" ಅಂದರೆ ಅದನ್ನು ಆಹ್ವಾನ ಅಂತ ಯಾರೂ ಎಣಿಸುವುದಿಲ್ಲ. ಅವರು ನಾಲ್ಕು ಗಂಟೆಗೆ ಕರೆದರೆ ಕಾಫಿ ಮತ್ತು ಕೇಕ್ ಮಾತ್ರ, ಏಳಕ್ಕೆ ಕರೆದರೆ ಊಟ. ಗಂಟೆ ಹೇಳುವ ಕ್ರಮದಲ್ಲಿ ನಮ್ಮವರು ತಪ್ಪುವುದು ಜಾಸ್ತಿ. "ಹಾಲ್ಪ್ ಆಖ್ಟ್" ಅಂದರೆ ಏಳೂವರೆ, ಎಂಟೂವರೆ ಅಲ್ಲ. ಶ್ವಾಬಿಯಾದಲ್ಲಿ "ಫಿಯರ್ಟೆಲ್ ಆಖ್ಟ್" ಅಂದರೆ ಏಳೂಕಾಲು. ಹುಟ್ಟುಹಬ್ಬ ನಿಮ್ಮದಾದರೆ ಆಫೀಸಿಗೆ ಕೇಕ್ ತರಬೇಕಾದವರು ನೀವೇ. ಬೇರೆಯವರ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಶುಭ ಕೋರಬೇಡಿ, ಅದನ್ನು ಅಪಶಕುನ ಅನ್ನುತ್ತಾರೆ. ಹೋಟೆಲಿನಲ್ಲಿ ಬಿಲ್ 27.40 ಯುರೋ ಆದರೆ ಹಣ ಕೊಡುವಾಗಲೇ "ಮೂವತ್ತು" ಅನ್ನಿ. ಟಿಪ್ಸ್ ಮೇಜಿನ ಮೇಲೆ ಬಿಟ್ಟುಬರುವ ರೂಢಿ ಇಲ್ಲಿಲ್ಲ.

ಈಗ ಪ್ರಯಾಣಕ್ಕೆ ಬರೋಣ. ಡಾಯ್ಚ್‌ಲ್ಯಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯುರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ದೇಶದ ಎಲ್ಲ ಪ್ರಾದೇಶಿಕ ರೈಲು, ಮೆಟ್ರೋ, ಟ್ರಾಮ್, ಸಿಟಿ ಬಸ್ಸುಗಳಿಗೆ ನಡೆಯುತ್ತದೆ. ಐಸಿಇ, ಐಸಿ, ಇಸಿ ಅನ್ನುವ ದೂರದ ರೈಲುಗಳಿಗೆ ನಡೆಯುವುದಿಲ್ಲ. ಇದು ತಿಂಗಳ ಚಂದಾ. ಮುಂದಿನ ತಿಂಗಳು ಬೇಡವಾದರೆ ಈ ತಿಂಗಳ 10ರೊಳಗೆ ರದ್ದು ಮಾಡಬೇಕು. ಇಲ್ಲಿಗೆ ಬಂದು ಒಂದೂವರೆ ತಿಂಗಳು ಮಾತ್ರ ಇರುವವರು ಮರೆಯುವುದು ಇದನ್ನೇ. ಆರು ವರ್ಷ ತುಂಬಿದ ಮಕ್ಕಳಿಗೆ ಬೇರೆ ಟಿಕೆಟ್ ಬೇಕು.

ದೂರದ ರೈಲಿಗೆ ಅಗ್ಗದ ಸ್ಪಾರ್‌ಪ್ರೈಸ್ ಟಿಕೆಟ್ ತೆಗೆದರೆ ಆ ನಿರ್ದಿಷ್ಟ ರೈಲಿನಲ್ಲೇ ಹೋಗಬೇಕು. ಇಳಿಯುವ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡ ಆಗುತ್ತದೆ ಅಂತ ಗೊತ್ತಾದರೆ ಆ ಕಟ್ಟು ಬಿಚ್ಚುತ್ತದೆ, ಬೇರೆ ರೈಲು ಹತ್ತಬಹುದು. 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ನಿಮಿಷವಾದರೆ ಅರ್ಧ ವಾಪಸ್, ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು. ಆದರೆ ದುಡ್ಡು ಉಳಿಸಲು ಸ್ವಲ್ಪ ದೂರ ಡಾಯ್ಚ್‌ಲ್ಯಾಂಡ್ ಟಿಕೆಟ್‌ನಲ್ಲಿ ಹೋಗಿ ಅಲ್ಲಿಂದ ಸ್ಪಾರ್‌ಪ್ರೈಸ್ ಹಿಡಿಯುವವರು ಎಚ್ಚರ. ಅವು ಎರಡು ಬೇರೆ ಒಪ್ಪಂದಗಳು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ ನಿಮ್ಮ ಕೈಯಿಂದಲೇ. ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಲ್ಲಿ 2010ರಿಂದ ನಡೆದಿರುವ ಕಾಮಗಾರಿಯಿಂದ ಎಸ್-ಬಾನ್ ಅನ್ನುವ ನಗರ ರೈಲಿನಿಂದ ದೂರದ ರೈಲುಗಳ ಪ್ಲಾಟ್‌ಫಾರ್ಮಿಗೆ ಸುತ್ತು ಹಾಕಿ ನಡೆಯಬೇಕು. ಆ್ಯಪ್ ತೋರಿಸುವ ಏಳು ನಿಮಿಷದ ಬದಲಾವಣೆ ಸೂಟ್‌ಕೇಸ್, ಮಗು ಇದ್ದವರಿಗೆ ಸಾಲದು. ಇನ್ನೊಂದು, ಕೆಲವು ಪ್ರಾದೇಶಿಕ ರೈಲುಗಳು ನಡುದಾರಿಯಲ್ಲಿ ಎರಡಾಗಿ ಒಡೆದು ಬೇರೆ ಬೇರೆ ಊರಿಗೆ ಹೋಗುತ್ತವೆ. ಹತ್ತುವ ಮುಂಚೆ ಬೋಗಿಯ ಮೇಲಿನ ಫಲಕ ಓದಿ.

ಯಾವ ಊರು? ಕನ್ನಡಿಗರಿಗೆ ನಾನು ಮೊದಲು ಹೇಳುವುದು ಟ್ಯೂಬಿಂಗನ್, ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯೊಳಗೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇಲ್ಲಿನ ವಿಶ್ವವಿದ್ಯಾಲಯವೇ. 1843ರಲ್ಲಿ 'ಮಂಗಳೂರು ಸಮಾಚಾರ' ಶುರುಮಾಡಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ಕೊನೆಯುಸಿರೆಳೆದದ್ದು ಎಸ್ಲಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ಎಸ್-ಬಾನ್‌ನ ಎಸ್1 ಮಾರ್ಗ ಹತ್ತಿದರೆ ಕಾಲು ಗಂಟೆಯ ದಾರಿ. ನಮ್ಮ ಭಾಷೆಯ ಮೊದಲ ಪತ್ರಿಕೆ, ದೊಡ್ಡ ನಿಘಂಟು ಎರಡರ ಹಿಂದಿದ್ದವರೂ ಈ ನೆಕಾರ್ ನದಿಯ ದಂಡೆಯಲ್ಲಿ ಓಡಾಡಿದವರು. ಪ್ರಾಗ್‌ಗೆ ಹೋಗುವ ಮುಂಚೆ ಇಲ್ಲಿಗೆ ಹೋಗಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ. ಉಲ್ಮ್‌ನ ಮ್ಯೂನ್ಸ್ಟರ್ ಚರ್ಚಿನ ಗೋಪುರ 161.5 ಮೀಟರ್, 768 ಮೆಟ್ಟಿಲು. ದುರಸ್ತಿ ನಡೆಯುವಾಗ ಮೇಲಿನ ಭಾಗ ಮುಚ್ಚಿರುತ್ತದೆ, ನೋಡಿಕೊಂಡು ಹೊರಡಿ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಗಡಿಯ ಈಚೆಗಿನ ಕೇಲ್ ನಿಲ್ದಾಣದವರೆಗೆ ಮಾತ್ರ. ಅಲ್ಲಿ ಇಳಿದು ಸ್ಟ್ರಾಸ್‌ಬರ್ಗ್ ಟ್ರಾಮ್‌ನ ಟಿಕೆಟ್ ತೆಗೆದು ಡಿ ಮಾರ್ಗ ಹತ್ತಿದರೆ ರೈನ್ ದಾಟಿ ಊರ ನಡುವೆ ಇಳಿಸುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ಗೆ ಆ ಟಿಕೆಟ್ ಬಾಡಿಷರ್ ನಿಲ್ದಾಣದವರೆಗೆ, ಮುಂದಿನ ಸ್ವಿಸ್ ನಿಲ್ದಾಣಕ್ಕೆ ಅಲ್ಲ. ಸ್ವಿಟ್ಜರ್‌ಲ್ಯಾಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಹಾಗಾಗಿ ಮೊಬೈಲ್ ರೋಮಿಂಗ್ ಉಚಿತ ಅಂತ ನಂಬಬೇಡಿ. ಗಡಿ ದಾಟುವ ಮುಂಚೆ ನಕಾಶೆ ಇಳಿಸಿಕೊಂಡು ಡೇಟಾ ಆಫ್ ಮಾಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತಪಾಸಣೆಯನ್ನು ತನ್ನ ಎಲ್ಲ ಭೂಗಡಿಗಳಿಗೂ ವಿಸ್ತರಿಸಿತು. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಮೂಲ ಪ್ರತಿಯೇ ಜೊತೆಗಿರಲಿ, ಫೋನಿನಲ್ಲಿರುವ ಫೋಟೋ ಸಾಲದು. ಲಂಡನ್, ಡಬ್ಲಿನ್‌ಗೆ ಜರ್ಮನಿಯ ವಾಸದ ಪರವಾನಗಿ ನಡೆಯುವುದಿಲ್ಲ, ಬೇರೆ ವೀಸಾ ಬೇಕು. ಅಗ್ಗದ ವಿಮಾನಗಳಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದವರು ಭದ್ರತಾ ತಪಾಸಣೆಗೆ ಮುಂಚೆ ಕೌಂಟರಿನಲ್ಲಿ ದಾಖಲೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕಾಗಬಹುದು. ಆ್ಯಪ್‌ನಲ್ಲಿ ಬೋರ್ಡಿಂಗ್ ಪಾಸ್ ಇದೆ ಅಂತ ನೇರ ಒಳಗೆ ಹೋದವರನ್ನು ಗೇಟಿನಲ್ಲಿ ತಡೆಯುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಶ್ವಾಬಿಯಾದಲ್ಲಿ ಆಲೂಗಡ್ಡೆ ಸಲಾಡ್‌ಗೆ ಸಾಮಾನ್ಯವಾಗಿ ಮಾಂಸದ ಸಾರು ಹಾಕುತ್ತಾರೆ. ತರಕಾರಿ ಸಲಾಡ್ ಅಂತ ತರಿಸಿದ ತಟ್ಟೆಯ ಅಡಿಯಲ್ಲೂ ಅದೇ ಇರಬಹುದು. ಬೇಳೆಯ ಖಾದ್ಯದಲ್ಲಿ ಹಂದಿಮಾಂಸದ ಚೂರು, ಮೌಲ್ಟಾಶೆನ್ ಅನ್ನುವ ಹೂರಣದ ಕಡುಬಿನಲ್ಲಿ ಖೀಮಾ ಇರುತ್ತದೆ. ಚೀಸ್ ಸ್ಪೆಟ್ಸ್ಲೆ ಅನ್ನುವ ಶಾವಿಗೆಯಂಥ ತಿನಿಸಿನಲ್ಲಿ ಮಾಂಸ ಇಲ್ಲ, ಮೊಟ್ಟೆ ಇದೆ. "ಸಸ್ಯಾಹಾರವೇ?" ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ. "ಇದರಲ್ಲಿ ಮಾಂಸದ ಸಾರು ಹಾಕಿದ್ದೀರಾ?" ಅಂತ ಕೇಳಿ. ಕೇಳುವ ಪ್ರಶ್ನೆ ನಿರ್ದಿಷ್ಟವಾಗಿದ್ದರೆ ಉತ್ತರವೂ ಸರಿಯಾಗಿ ಸಿಗುತ್ತದೆ.

ಯುಗಾದಿ, ರಾಜ್ಯೋತ್ಸವಕ್ಕೆ ನಮ್ಮವರೆಲ್ಲ ಸೇರುವುದು ಬೇಕೇ ಬೇಕು, ಅದನ್ನು ಬಿಡಿ ಅನ್ನುತ್ತಿಲ್ಲ. ಹಾಲ್ ಬಾಡಿಗೆಗೆ ಹಿಡಿಯುವವರು ಧ್ವನಿವರ್ಧಕದಲ್ಲಿ ಹಾಡು ಹಾಕುವ ಸಾರ್ವಜನಿಕ ಕಾರ್ಯಕ್ರಮವನ್ನು ಹಾಡುಗಳ ಹಕ್ಕಿನ ಶುಲ್ಕ ವಸೂಲಿ ಮಾಡುವ ಗೆಮಾ ಸಂಸ್ಥೆಗೆ ಮುಂಚೆಯೇ ತಿಳಿಸಬೇಕಾಗುತ್ತದೆ. ಕೀ ವಾಪಸ್ ಕೊಡುವಾಗ ಹಾಲ್ ಗುಡಿಸಿರಬೇಕು, ಇಲ್ಲದಿದ್ದರೆ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ. ರಾತ್ರಿ ಹತ್ತಕ್ಕೆ ಹಾಡು ನಿಲ್ಲಿಸಿ. ಮತ್ತೆ ಆ ದಿನ ಪಕ್ಕದ ಮನೆಯವರನ್ನೂ ಚಾರಣದ ಮೇಜಿನಲ್ಲಿ ಸಿಕ್ಕವರನ್ನೂ ಕರೆಯಿರಿ, ದಿನಾಂಕ ಮೂರು ವಾರ ಮುಂಚೆ ಹೇಳಿ, ಹೋಳಿಗೆಯಲ್ಲಿ ಏನೇನಿದೆ ಅಂತ ಚೀಟಿ ಬರೆದಿಡಿ.